ಸೆರಮೈಡ್ ಕ್ರೀಮ್ ನಿಲ್ಲಿಸಬೇಡಿ

ಸೆರಮೈಡ್ ಎಂಬ ಕೊಬ್ಬು ಜೀವಕೋಶಗಳನ್ನು ಸಾಯಿಸುತ್ತದೆ ಅಂತ ಓದಿ, ಮಗಳ ಎಕ್ಸಿಮಾಗೆ (ಚರ್ಮ ಒಣಗಿ ತುರಿಸುವ ತೊಂದರೆ) ಹಚ್ಚುವ, ಅದೇ ಸೆರಮೈಡ್ ಇರುವ ಕ್ರೀಮ್ ನಿಲ್ಲಿಸಲಾ ಅಂತ ಕೇಳಿದ್ದೀರಿ. ಬೇಡ. ಓದಿದ್ದು ಸುಳ್ಳಲ್ಲ: ಕೋಶಕ್ಕೆ ಪೆಟ್ಟು ಬಿದ್ದಾಗ ಅದರ ಪೊರೆಯಲ್ಲಿರುವ ಸ್ಫಿಂಗೋಮೈಲಿನ್ ಎಂಬ ಕೊಬ್ಬು ಒಡೆದು ಸೆರಮೈಡ್ ಜಾಸ್ತಿಯಾಗುತ್ತದೆ, ಅದು ಕೋಶಕ್ಕೆ ಸಾಯುವ ಸೂಚನೆ ಕೊಡಬಹುದು. ಅದೇ ಸೆರಮೈಡ್ ಒಡೆದು ಬರುವ ತುಣುಕಾದ ಸ್ಫಿಂಗೋಸಿನ್‌ಗೆ ಒಂದು ಫಾಸ್ಫೇಟ್ (ರಂಜಕ ಇರುವ ಪುಟ್ಟ ಅಣುಗುಂಪು) ಸೇರಿದರೆ ಸಾಕು, ಸೂಚನೆ ಬದುಕುವ ಕಡೆಗೆ ತಿರುಗುತ್ತದೆ. ಎಷ್ಟು ಚೆಂದ ಅಲ್ವಾ! ಆದರೆ ಇದೆಲ್ಲ ಜೀವಂತ ಕೋಶದೊಳಗಿನ ಮಾತು. ಕ್ರೀಮ್ ಕೆಲಸ ಮಾಡುವುದು ಚರ್ಮದ ತೀರಾ ಮೇಲಿನ ಪದರದಲ್ಲಿ, ಅಲ್ಲಿನ ಕೋಶಗಳು ಮೊದಲೇ ಸತ್ತಿರುತ್ತವೆ. ಅವುಗಳ ನಡುವಿನ ಕೊಬ್ಬಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 50% ಸೆರಮೈಡೇ. ಕೊಲೆಸ್ಟ್ರಾಲ್ ಮತ್ತು ಕೊಬ್ಬಿನಾಮ್ಲಗಳ ಜೊತೆ ಸೇರಿ ಅದು ಮೈಯ ನೀರು ಆರಿಹೋಗದಂತೆ ತಡೆಯುತ್ತದೆ. ಎಕ್ಸಿಮಾ ಇರುವ ಚರ್ಮದಲ್ಲಿ ಇದೇ ಕಡಿಮೆ. ಸ್ನಾನವಾದ ಕೂಡಲೇ, ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಹಚ್ಚಿ.