ತಪ್ಪು ರಿಪೇರಿಗೆ ತೆತ್ತ ಹಣ

ಪ್ರಶ್ನೆ: ಎಂಜಿನ್ ದೀಪ ಹೊತ್ತಿಕೊಂಡಿದ್ದರಿಂದ ಕಾರನ್ನು ಗ್ಯಾರೇಜಿಗೆ ಒಯ್ದೆ. ಆಕ್ಸಿಜನ್ ಸೆನ್ಸರ್ (ಎಂಜಿನ್ ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆಯುವ ಭಾಗ) ಕೆಟ್ಟಿದೆಯೆಂದು ಅದನ್ನು ಬದಲಾಯಿಸಿದರು. ಮೂರೇ ದಿನಕ್ಕೆ ದೀಪ ಮತ್ತೆ ಹೊತ್ತಿತು. ಬೇರೊಬ್ಬ ಮೆಕ್ಯಾನಿಕ್ ಬಿರುಕು ಬಿಟ್ಟಿದ್ದ ವ್ಯಾಕ್ಯೂಮ್ ಪೈಪನ್ನು ಬದಲಿಸಿದ ಮೇಲೆ ಸರಿಹೋಯಿತು. ಮೊದಲ ಗ್ಯಾರೇಜಿನಿಂದ ಹಣ ವಾಪಸ್ ಕೇಳಬಹುದೇ?

ಉತ್ತರ: ಧಾರಾಳವಾಗಿ ಕೇಳಿ. ಎಂಜಿನ್ ದೀಪ ಹೊತ್ತಿದಾಗ ಮೆಕ್ಯಾನಿಕ್ ಕಾರಿಗೆ ಜೋಡಿಸಿ ನೋಡುವ ಸ್ಕ್ಯಾನರಿನಲ್ಲಿ ಕಾಣುವ ದೋಷದ ಕೋಡ್ ಲಕ್ಷಣವನ್ನು ಹೇಳುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ. ಉದಾಹರಣೆಗೆ, ಪಿ0171 ಎಂದರೆ ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದಷ್ಟೇ ಅರ್ಥ. ಅದಕ್ಕೆ ಹೊರಗಿನ ಗಾಳಿಯನ್ನು ಒಳಗೆಳೆಯುವ ಸೋರುವ ಪೈಪೂ ಕಾರಣವಿರಬಹುದು, ದುರ್ಬಲ ಇಂಧನ ಪಂಪೂ ಕಾರಣವಿರಬಹುದು. ಆದ್ದರಿಂದ ಸೆನ್ಸರ್ ಬದಲಿಸುವ ಮುನ್ನ ಯಾವ ಪರೀಕ್ಷೆ ಮಾಡಿದಿರೆಂದು ಕೇಳುವುದೇ ನಿಮ್ಮ ಮುಖ್ಯ ಅಸ್ತ್ರ. ಆದರೆ, 'ಖಚಿತವಿಲ್ಲ, ಬದಲಿಸಿ ನೋಡೋಣ' ಎಂದು ಅವರು ಮೊದಲೇ ಹೇಳಿ ನೀವು ಒಪ್ಪಿದ್ದರೆ ನಿಮ್ಮ ವಾದ ಸಡಿಲವಾಗುತ್ತದೆ.

ಎರಡನೆಯ ಮೆಕ್ಯಾನಿಕ್‌ನಿಂದ ದೋಷವೇನಿತ್ತು, ಹೇಗೆ ಪತ್ತೆಯಾಯಿತು ಎಂಬುದನ್ನು ಬರೆಸಿಕೊಂಡು, ಎರಡೂ ಬಿಲ್ಲುಗಳ ಪ್ರತಿಯೊಂದಿಗೆ ಲಿಖಿತವಾಗಿ ಕೇಳಿ, ಉತ್ತರಕ್ಕೆ 14 ದಿನಗಳ ಗಡುವು ಕೊಡಿ. ತೆಗೆದ ಹಳೆಯ ಸೆನ್ಸರನ್ನು (ಬಹುತೇಕರು ಅದನ್ನು ಗ್ಯಾರೇಜಿನಲ್ಲೇ ಬಿಟ್ಟು ಬರುತ್ತಾರೆ) ಇಂದೇ ಕೇಳಿ ಪಡೆಯಿರಿ. ಅದು ಸರಿಯಾಗಿಯೇ ಇತ್ತೆಂದು ತೋರಿಸಿದರೆ ಚರ್ಚೆಗೆ ಹೆಚ್ಚು ಆಸ್ಪದವಿರದು. ಹೊಸ ಸೆನ್ಸರ್ ಕಾರಿನಲ್ಲೇ ಉಳಿಯುವುದರಿಂದ ಪೂರ್ತಿ ಹಣ ಕೊಡಲು ಅವರು ಹಿಂಜರಿಯಬಹುದು. ತಪಾಸಣೆಯ ಶುಲ್ಕ ಮತ್ತು ಕೂಲಿಯನ್ನಂತೂ ಬಿಡಬೇಡಿ.