ಅಳುಕು ಹೋಗಲಿ ಎಂದು ಕಾಯಬೇಡಿ

ಚಿತ್ರದುರ್ಗದಲ್ಲಿ ಸಾಫ್ಟ್‌ವೇರ್ ಕಂಪನಿ ಆರಂಭಿಸಿರುವ ನೀವು, ಗ್ರಾಹಕರು ಹಣ ಕೊಟ್ಟು ಬಳಸುತ್ತಿದ್ದರೂ ‘ಇದೆಲ್ಲ ಅದೃಷ್ಟದಿಂದ ಬಂದದ್ದು, ಒಂದಲ್ಲ ಒಂದು ದಿನ ನನ್ನ ಬಂಡವಾಳ ಬಯಲಾಗುತ್ತದೆ’ ಎಂಬ ಭಯ ಕಾಡುತ್ತಿದೆ ಎಂದೂ, ಮುಂದಿನ ತಿಂಗಳು ಬೆಂಗಳೂರಿನಲ್ಲಿ ಹೂಡಿಕೆದಾರರ ಮುಂದೆ ನಿಲ್ಲಬೇಕಿದೆ ಎಂದೂ ಬರೆದಿದ್ದೀರಿ. ದಾವಣಗೆರೆಯ ದಲ್ಲಾಳಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ ನನ್ನದು. ಈ ಭಯ ನನಗೂ ಚಿರಪರಿಚಿತ.

ಈಗ ಇಂಪೋಸ್ಟರ್ ಸಿಂಡ್ರೋಮ್ ಎಂದು ಕರೆಯುವ ಈ ಸ್ಥಿತಿಯನ್ನು 1978ರಲ್ಲಿ ಮೊದಲು ವಿವರಿಸಿದವರು ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞೆಯರು. ಅವರು ಅಧ್ಯಯನ ಮಾಡಿದ್ದು ಪದವಿ, ಹುದ್ದೆ, ಮನ್ನಣೆ ಎಲ್ಲವನ್ನೂ ಪಡೆದಿದ್ದ ಮಹಿಳೆಯರನ್ನು. ಮಾನಸಿಕ ಕಾಯಿಲೆಗಳ ಅಧಿಕೃತ ಪಟ್ಟಿಗಳಲ್ಲಿ ಇದು ಇಂದಿಗೂ ಸೇರಿಲ್ಲ. ಮೇಲಿಂದ ಮೇಲೆ ಗೆದ್ದರೂ ‘ನಾನು ತಕ್ಕವಳಲ್ಲ’ ಎಂಬ ನಂಬಿಕೆ ತಾನಾಗಿ ಸಡಿಲಗೊಳ್ಳುವುದಿಲ್ಲ ಎಂದು ಅವರು ಗುರುತಿಸಿದ್ದು ನನಗೆ ಬಹಳ ಮುಖ್ಯವೆನಿಸುತ್ತದೆ. ಆದ್ದರಿಂದ ಇನ್ನೊಂದು ಪ್ರಶಸ್ತಿ ಬಂದ ಮೇಲೆ, ಇನ್ನಷ್ಟು ಗ್ರಾಹಕರು ಸೇರಿದ ಮೇಲೆ ಧೈರ್ಯ ಬಂದೀತು ಎಂದು ದಯವಿಟ್ಟು ಕಾಯಬೇಡಿ.

ನನಗೆ ದಾರಿ ಕಂಡದ್ದು ಎಪಿಎಂಸಿ ಯಾರ್ಡಿನಲ್ಲಿ. ಮೆಕ್ಕೆಜೋಳದ ಹಂಗಾಮಿನಲ್ಲಿ ಒಂದು ಅಂಗಡಿಗೆ ಹೋದಾಗ ಅಲ್ಲಿನ ಹಿರಿಯರು ಮೊದಲು ಕೇಳಿದ್ದು, “ನಿಮ್ಮ ಯಜಮಾನ್ರು ಬರ್ಲಿಲ್ವೇನಮ್ಮಾ?” ಎಂದು. ಸಾಫ್ಟ್‌ವೇರ್ ಬರೆದವಳು ನಾನೇ ಎಂದೆ. ಅವರು ಮರುಮಾತಾಡದೆ, ಆಗಷ್ಟೇ ತೂಕವಾಗಿದ್ದ ಒಂದು ಲೋಡಿನ ಚೀಲ, ತೂಕ, ದರ, ಹಮಾಲಿ ಎಲ್ಲವನ್ನೂ ಬರೆದು ಕೈಯಲ್ಲೇ ಪಟ್ಟಿ ಮಾಡಿದರು. ನಾನು ಅದನ್ನೇ ಲ್ಯಾಪ್‌ಟಾಪಿನಲ್ಲಿ ಮಾಡಿದೆ. ಎರಡೂ ತಾಳೆಯಾದವು. ಆಮೇಲೆ ಅವರು, “ಒಬ್ಬನೇ ರೈತನ ಮಾಲಿನಲ್ಲಿ ಅರ್ಧ ಹಸಿ, ಅರ್ಧ ಒಣಗಿದ್ದು ಬಂದ್ರೆ ಬೇರೆ ಬೇರೆ ದರ ಹಾಕಬಹುದಾ?” ಎಂದರು. ಆ ಅನುಕೂಲ ಅದರಲ್ಲಿರಲಿಲ್ಲ. ಸೇರಿಸಿಕೊಟ್ಟೆ, ಅವರು ಗ್ರಾಹಕರಾದರು.

ಮನೆಗೆ ಬರುವಾಗ ನನಗೆ ಹೊಳೆದದ್ದು ಇಷ್ಟು: ಅವರ ಪ್ರಶ್ನೆಗೆ ಉತ್ತರವಿತ್ತು, ಆದರೆ ‘ನಾನು ಇದಕ್ಕೆ ತಕ್ಕವಳೇ?’ ಎಂದು ನಾನು ಪ್ರತಿದಿನ ಕೇಳಿಕೊಳ್ಳುತ್ತಿದ್ದ ಪ್ರಶ್ನೆಗೆ ಯಾವ ಪುರಾವೆ ತಂದಿಟ್ಟರೂ ಉತ್ತರವಾಗುತ್ತಿರಲಿಲ್ಲ. ಅಂದಿನಿಂದ ಅಳುಕು ಬಂದಾಗಲೆಲ್ಲ, ಬಯಲಾಗುವುದಾದರೆ ನಿಖರವಾಗಿ ಏನು ಬಯಲಾಗುತ್ತದೆ ಎಂದು ಕಾಗದದ ಮೇಲೆ ಬರೆಯುತ್ತೇನೆ. ಜಿಎಸ್‌ಟಿ ಸರಿಯಾಗಿ ಗೊತ್ತಿಲ್ಲ ಎಂದು ಬಂದರೆ ಲೆಕ್ಕಪರಿಶೋಧಕರ ಬಳಿ ಕೂತು ಕಲಿಯುತ್ತೇನೆ. ಸರ್ವರ್ ಕೈಕೊಟ್ಟರೆ ಎಂದು ಬಂದರೆ ಬ್ಯಾಕಪ್‌ನಿಂದ ಮಾಹಿತಿ ನಿಜವಾಗಿಯೂ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ಬರೆಯಲು ಏನೂ ಸಿಗದ ದಿನಗಳೂ ಇರುತ್ತವೆ, ಆಗ ಆ ಭಯಕ್ಕೆ ಕೆಲಸದೊಂದಿಗೆ ಸಂಬಂಧವಿಲ್ಲ ಎಂದು ತಿಳಿದು ಕೆಲಸ ಮುಂದುವರಿಸುತ್ತೇನೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಈ ಅಳುಕೆಲ್ಲ ನಿಮ್ಮ ಮನಸ್ಸಿನಲ್ಲೇ ಹುಟ್ಟಿದ್ದಲ್ಲ. ಸಂಶೋಧಕಿ ಡಾನಾ ಕಾನ್ಝೆ ಮತ್ತು ಸಂಗಡಿಗರು ನ್ಯೂಯಾರ್ಕಿನ ಒಂದು ಸ್ಟಾರ್ಟಪ್ ಸ್ಪರ್ಧೆಯ ಪ್ರಶ್ನೋತ್ತರಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೂಡಿಕೆದಾರರು ಪುರುಷರನ್ನು ಹೆಚ್ಚಾಗಿ ‘ಎಷ್ಟು ಬೆಳೆಯುತ್ತೀರಿ’ ಎಂಬ ಧಾಟಿಯಲ್ಲಿ, ಮಹಿಳೆಯರನ್ನು ಹೆಚ್ಚಾಗಿ ‘ನಷ್ಟವಾಗದಂತೆ ಹೇಗೆ ನೋಡಿಕೊಳ್ಳುತ್ತೀರಿ’ ಎಂಬ ಧಾಟಿಯಲ್ಲಿ ಪ್ರಶ್ನಿಸಿದ್ದರು. ಮಹಿಳಾ ಹೂಡಿಕೆದಾರರೂ ಇದಕ್ಕೆ ಹೊರತಾಗಿರಲಿಲ್ಲ. ನಷ್ಟದ ಪ್ರಶ್ನೆ ಬಂದಾಗಲೂ ಬೆಳವಣಿಗೆಯ ಮಾತಿನಲ್ಲಿ ಉತ್ತರಿಸಿದವರಿಗೆ ಹೆಚ್ಚು ಹಣ ದೊರೆತಿತ್ತು. ಇದನ್ನು ಓದಿದ ಮೇಲೆ, ಇಂಥ ಪ್ರಶ್ನೆಗಳು ಎದುರಾದಾಗ ಅವು ನನ್ನ ಯೋಗ್ಯತೆಯ ಮೇಲಿನ ತೀರ್ಪು ಎಂದು ಭಾವಿಸುವುದನ್ನು ಬಿಟ್ಟೆ. ‘ಈಗಿರುವ ಅಂಗಡಿಗಳು ನಿಮ್ಮನ್ನು ಬಿಟ್ಟುಹೋದರೆ?’ ಎಂದು ಕೇಳಿದವರಿಗೆ, ಅವು ಏಕೆ ಉಳಿದಿವೆ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ, ಹರಿಹರ, ರಾಣೆಬೆನ್ನೂರು, ಚಳ್ಳಕೆರೆಯ ಮಾರುಕಟ್ಟೆಗಳಿಗೆ ಹೇಗೆ ಹೋಗುತ್ತೇನೆ ಎಂಬುದನ್ನು ವಿವರವಾಗಿ ಹೇಳುತ್ತೇನೆ.

ಭಯದಿಂದ ನಿದ್ದೆ, ಊಟ ಕೆಡುವ ಮಟ್ಟಕ್ಕೆ ಹೋಗಿದ್ದರೆ ಒಬ್ಬರೇ ಸಹಿಸಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಬೆಂಗಳೂರಿಗೆ ಹೊರಡುವ ಮುನ್ನ ನಿಮ್ಮ ಮಾತುಗಳನ್ನು ಮನೆಯವರ ಮುಂದೆ ಅಭ್ಯಾಸ ಮಾಡುವುದಕ್ಕಿಂತ, ನಿಮ್ಮ ವ್ಯವಹಾರವನ್ನು ಬಲ್ಲ, ನಿಮ್ಮನ್ನು ಹೊಗಳುವ ಹಂಗಿಲ್ಲದ ಯಾರಾದರೊಬ್ಬರ ಮುಂದೆ ಮಾಡಿ, ನಷ್ಟದ ಪ್ರಶ್ನೆಗಳನ್ನೇ ಕೇಳುವಂತೆ ಅವರಿಗೆ ಹೇಳಿ. ಹಾಗೆ ಯಾರೂ ಸಿಗದಿದ್ದರೆ ನನಗೆ ಬರೆಯಿರಿ, ನಾನು ಕೇಳಿಸಿಕೊಳ್ಳುತ್ತೇನೆ.