ತಾತನ ಟ್ರಂಕಿನಲ್ಲಿ ಸಿಕ್ಕ ಜಪಾನಿ ಬಾವುಟ ಯಾರದ್ದು ಅಂತ ತಿಳಿಯೋದು ಹೇಗೆ?

ನಿಮ್ಮ ತಾತ ಬರ್ಮಾ ಯುದ್ಧಕ್ಕೆ ಹೋಗಿದ್ದರು, ಅವರ ಟ್ರಂಕಿನಲ್ಲಿ ಮಸಿಯಲ್ಲಿ ಏನೇನೋ ಬರೆದ ಜಪಾನಿ ಬಾವುಟ ಸಿಕ್ಕಿದೆ, ‘ಜನರಲ್ ಕೈಯಿಂದ ಕಿತ್ತುಕೊಂಡಿದ್ದು’ ಅಂತ ಮನೆಯವರು ಹೇಳ್ತಾರೆ, ನಿಜವಾ ಅಂತ ಕೇಳಿದ್ದೀರಿ. ಜನರಲ್ ಕಥೆ ಬಿಟ್ಟುಬಿಡಿ. ನಮ್ಮ ಮನೆಯಲ್ಲೂ ಅದೇ ಕಥೆ ಇತ್ತು, ನಾವೂ ಎಷ್ಟೋ ವರ್ಷ ನಂಬಿದ್ದೆವು.

ಅದು ಸೈನ್ಯದ ಬಾವುಟವೇ ಅಲ್ಲ. ಜಪಾನಿನಲ್ಲಿ ಹುಡುಗ ಯುದ್ಧಕ್ಕೆ ಹೊರಟಾಗ ಮನೆಯವರು, ನೆಂಟರು, ಮೇಷ್ಟ್ರು, ಜೊತೆಗೆ ಕೆಲಸ ಮಾಡುವವರು ಎಲ್ಲ ಸೇರಿ ಬಾವುಟದ ಮೇಲೆ ಹೆಸರು ಬರೆದು ಕೊಡುತ್ತಿದ್ದರು. ಯೊಸೆಗಾಕಿ ಹಿನೊಮಾರು ಅಂತಾರೆ ಅದನ್ನ. ಸಾಮಾನ್ಯ ಸಿಪಾಯಿಯೂ ಅದನ್ನು ಮಡಿಸಿ ಮೈಮೇಲೆ ಇಟ್ಟುಕೊಂಡಿರುತ್ತಿದ್ದ. ರೆಜಿಮೆಂಟಿನ ಬಾವುಟ ಬೇರೆ, ಅದರಲ್ಲಿ ಸೂರ್ಯನ ಸುತ್ತ 16 ಕಿರಣ ಇರುತ್ತೆ, ಸೋಲು ಖಾತ್ರಿಯಾದರೆ ಅದನ್ನು ಸುಡುತ್ತಿದ್ದರೇ ಹೊರತು ಶತ್ರು ಕೈಗೆ ಬಿಡುತ್ತಿರಲಿಲ್ಲ.

ನಾನು ಮೊದಲು ಫೋನಿನ ಅನುವಾದದ ಆ್ಯಪ್ ಹಿಡಿದೆ. ಅದು ಹೊಲ, ಬೆಟ್ಟದ ಬುಡ, ಸೇತುವೆಯ ಬುಡ ಅಂತ ಒದರಿತು. ಇದೇನೋ ಗುಪ್ತ ನಕ್ಷೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ನೋಡಿದರೆ ತಾನಾಕ, ಯಾಮಾಮೋಟೊ, ಹಾಶಿಮೋಟೊ, ಎಲ್ಲಾ ಮನೆತನದ ಹೆಸರುಗಳು! ಹಳೆಯ ಕುಂಚದ ಬರಹ ಬೇರೆ, ಈಗಿನ ಜಪಾನಿ ಹುಡುಗರಿಗೇ ಓದೋದು ಕಷ್ಟ. ವಯಸ್ಸಾದವರು ಯಾರಾದರೂ ನೋಡಿದರೆ ಒಳ್ಳೆಯದು.

ನೀವು ಹುಡುಕಬೇಕಾದ್ದು ಮೂರೇ. ಮೇಲ್ಗಡೆ ದೊಡ್ಡದಾಗಿ ನಾಲ್ಕು ಅಕ್ಷರ ಇದ್ದರೆ ಅದು ‘ಬುಉನ್ ಚೋಕ್ಯೂ’, ಯುದ್ಧದಲ್ಲಿ ಅದೃಷ್ಟ ಬಹುಕಾಲ ಇರಲಿ ಅಂತ ಹಾರೈಕೆ. ಅಡ್ಡಡ್ಡ ಬರೆದಿದ್ದರೆ ಆಗಿನ ರೂಢಿಯಂತೆ ಬಲದಿಂದ ಎಡಕ್ಕೆ ಓದಬೇಕು. ಇದು ಬಹಳಷ್ಟು ಬಾವುಟಗಳಲ್ಲಿ ಇರುತ್ತೆ, ಇದರಿಂದ ಏನೂ ಗೊತ್ತಾಗಲ್ಲ. ಎರಡನೆಯದು, ಸಾಮಾನ್ಯವಾಗಿ ಬಲ ಅಥವಾ ಎಡ ಅಂಚಿನಲ್ಲಿ ಮೇಲಿಂದ ಕೆಳಕ್ಕೆ, ಉಳಿದವಕ್ಕಿಂತ ದಪ್ಪಗೆ ಒಂದು ಹೆಸರಿದ್ದು ಕೊನೆಗೆ ‘ಕುನ್’ (君, ಹುಡುಗರ ಹೆಸರಿಗೆ ಸೇರಿಸೋ ಪದ) ಅನ್ನೋ ಅಕ್ಷರ ಇದ್ದರೆ, ಬಾವುಟದ ಒಡೆಯ ಅವನೇ. ಮೂರನೆಯದು ಗುಡಿಯ ಕೆಂಪು ಮುದ್ರೆ. ನಮ್ಮದರಲ್ಲಿ ಯಾಹಿಕೋ ಗುಡಿಯ ಮುದ್ರೆ ಇತ್ತು, ಅದು ನೀಗಾತಾ ಸೀಮೆಯದು. ಜಪಾನಿನಲ್ಲಿ ರೆಜಿಮೆಂಟುಗಳನ್ನು ಊರು ಸೀಮೆ ನೋಡಿಯೇ ಕಟ್ಟುತ್ತಿದ್ದರು. ನೀಗಾತಾದ ತಕಾದಾದಲ್ಲಿ ಕಟ್ಟಿದ 58ನೇ ರೆಜಿಮೆಂಟು 1944ರಲ್ಲಿ ಕೋಹಿಮಾದಲ್ಲಿ ಹೋರಾಡಿತ್ತು. ನಮ್ಮ ತಾತ ಹಲಸೂರಿನಿಂದ ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಇಂಜಿನಿಯರ್ ಪಡೆ) ಸೇರಿದವರು, ಅವರ ಡಿಸ್ಚಾರ್ಜ್ ಪುಸ್ತಕದಲ್ಲಿ ಕಂಪನಿ ನಂಬರ್ ಇತ್ತು, ಆ ವರ್ಷ ಆ ಕಂಪನಿ ಕೋಹಿಮಾ ದಾರಿಯಲ್ಲೇ ಇತ್ತು. ಎರಡೂ ಒಂದಕ್ಕೊಂದು ಕೂಡಿತು. ಕಿತ್ತುಕೊಂಡರೋ, ಬಿದ್ದಿದ್ದನ್ನ ಎತ್ತಿಕೊಂಡರೋ, ಸಿಗರೇಟು ಕೊಟ್ಟು ಇನ್ಯಾರ ಹತ್ತಿರವೋ ತಗೊಂಡರೋ, ಬಟ್ಟೆ ಅದನ್ನ ಹೇಳಲ್ಲ. ಸೇತುವೆ ಕಟ್ಟೋ ಸ್ಯಾಪರ್‌ಗೆ ಜನರಲ್ ಎಲ್ಲಿ ಸಿಗಬೇಕು ಹೇಳಿ! ನಿಮ್ಮ ತಾತನ ಪದಕಗಳಲ್ಲಿ ಬರ್ಮಾ ಯುದ್ಧಕ್ಕೆ ಹೋದವರಿಗೆ ಕೊಟ್ಟ ಬರ್ಮಾ ಸ್ಟಾರ್ ಇದೆಯಾ ನೋಡಿ, ಕಡುನೀಲಿ ರಿಬ್ಬನ್, ನಡುವೆ ಕೆಂಪು, ಆಚೀಚೆ ಕಿತ್ತಳೆ ಗೆರೆ.

ನಕಲಿಯೂ ಜಾಸ್ತಿ. ಎಲ್ಲ ಹೆಸರೂ ಒಂದೇ ಕೈಬರಹದಲ್ಲಿದ್ದರೆ ಅನುಮಾನ ಪಡಿ. ನಮ್ಮದರಲ್ಲಿ ಒಂದು ಮೂಲೆಯಲ್ಲಿ ಚಿಕ್ಕ ಮಗು ಬರೆದಂಥ ವಕ್ರ ಅಕ್ಷರ ಇದೆ, ಮಸಿ ತೊಟ್ಟಿಕ್ಕಿದ ಕಲೆಯೂ ಇದೆ. ದಾರ ಕಟ್ಟೋ ಮೂಲೆಗಳಿಗೆ ಮುಕ್ಕೋನದ ತೊಗಲು ತುಂಡು ಹೊಲಿದಿದ್ದಾರೆ. ತಾತ ಸತ್ತಮೇಲೆ ಅತ್ತೆ ಅದನ್ನ ಒಗೆದು ಇಸ್ತ್ರಿ ಮಾಡಿಸಿ ನಡುಮನೆಯಲ್ಲಿ ಫ್ರೇಮ್ ಹಾಕಿಸೋಣ ಅಂದಿದ್ದರು, ಸದ್ಯ ತಪ್ಪಿತು. ನೀವೂ ಒಗೆಯಬೇಡಿ. ರೇಷ್ಮೆಯಾದರೆ ಮಡಿಕೆಯಲ್ಲೇ ಹರಿಯುತ್ತೆ, ಹಳೇ ಹತ್ತಿ ಬಟ್ಟೆ ಜೊತೆ ಸುರುಳಿ ಸುತ್ತಿಡಿ, ನುಸಿಗುಳಿಗೆ ತಾಗಿಸಬೇಡಿ.

ಹೆಸರು ಸಿಕ್ಕಮೇಲೆ ವಾಪಸ್ ಕೊಡಬೇಕು ಅನ್ನಿಸಿದರೆ ಅಮೆರಿಕದ ಆರೆಗಾನ್‌ನಲ್ಲಿ ಓಬಾನ್ ಸೊಸೈಟಿ ಅಂತ ಇದೆ, ಇಂಥ ಬಾವುಟಗಳ ಮನೆಯವರನ್ನು ಹುಡುಕಿ ತಲುಪಿಸುವುದೇ ಅವರ ಕೆಲಸ. ನಮ್ಮ ಮನೆಯಲ್ಲಿ ಇದೇ ಜಗಳ ಈಗ, ಅಪ್ಪ ಕೊಡೋಣ ಅಂತಾರೆ, ಚಿಕ್ಕಪ್ಪ ‘ಅಪ್ಪನ ನೆನಪು ಅಂತ ಉಳಿದಿರೋದು ಅದೊಂದೇ’ ಅಂತಾರೆ.

ನೀವು ಮೊದಲು ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ಎರಡೂ ಅಂಚು ಪೂರ್ತಿ ಬರಲಿ.